ಮೇಲ್ಮನೆ ಸಾರ್ ಅವರ ಕೈಗಳು

ಹೋದ ತಿಂಗಳು ನನ್ನ ಅಂಗಡಿಯ ಮುಂದೆ ಒಬ್ಬ ಹೆಂಗಸು ಆಟೋದಿಂದ ಹಳೆಯ ಡಬ್ಬಾ ಟೀವಿಯೊಂದನ್ನು ಇಳಿಸಿದರು. ತಾಯಿ ತೀರಿಕೊಂಡು ಮನೆ ಖಾಲಿ ಮಾಡುತ್ತಿದ್ದರಂತೆ. ಗುಜರಿಗೆ ಹಾಕುವ ಮೊದಲು ಓಡುತ್ತದೋ ಇಲ್ಲವೋ ನೋಡಿ ಹೇಳಿ ಎಂದರು. ನಾನೀಗ ಯುಪಿಎಸ್, ಇನ್ವರ್ಟರ್ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಇಲ್ಲ ಎಂದು ಹೇಳುವುದಕ್ಕೂ ಸುಸ್ತಾಗುವ ವಯಸ್ಸು, ಸುಮ್ಮನೆ ಪ್ಲಗ್ ಹಾಕಿದೆ. ಐದು ನಿಮಿಷಕ್ಕೆ ಪಿಕ್ಚರ್ ಟ್ಯೂಬು ಬಿಸಿಯಾಯಿತು, ವರ್ಷಗಟ್ಟಲೆ ಒಳಗೆ ಕೂತಿದ್ದ ಧೂಳು ಕಾದು ಆ ವಾಸನೆ ಬಂತು. ಸುಟ್ಟ ವಾಸನೆಯಲ್ಲ ಅದು. ಇಸ್ತ್ರಿ ಮಾಡಿದ ಕಂಬಳಿಯಿಂದ ಬರುವಂಥದ್ದು... ಟೀವಿ ಚೆನ್ನಾಗಿದೆಯಾ ಎಂದು ಆಕೆ ಕೇಳುತ್ತಿದ್ದದ್ದು ನನಗೆ ಎರಡನೇ ಸಲಕ್ಕೆ ಕೇಳಿಸಿತು.

ಆ ವಾಸನೆಯಲ್ಲಿ ನಾನು ಆರು ವರ್ಷ ಬದುಕಿದ್ದೆ. ಒಬ್ಬನೇ ಅಲ್ಲ, ಮೇಲ್ಮನೆ ಸಾರ್ ಜೊತೆಗೆ.

ಆಗ ನಾವಿದ್ದದ್ದು ವೆಸ್ಟ್ ಮಾಂಬಲಂನಲ್ಲಿ, ಸ್ಟೇಷನ್ನಿಗೆ ಹತ್ತಿರದ ಒಂದು ಗಲ್ಲಿಯಲ್ಲಿ. ನಾವು ಕೆಳಗೆ, ಅವರು ನಮ್ಮ ತಲೆಯ ಮೇಲೆ. ಮೈಸೂರಿನವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಬಂದರಿಗೆ ಬಂದ ಸರಕನ್ನು ಬಿಡಿಸಿಕೊಡುವ ಏಜೆಂಟರೊಬ್ಬರ ಆಫೀಸಿನಲ್ಲಿ, ಪ್ಯಾರೀಸ್ ಕಾರ್ನರ್‌ನಲ್ಲಿ, ಕಾಗದಪತ್ರದ ಕೆಲಸ ಅವರದು. ನಮ್ಮದು ಅಜ್ಜನ ಕಾಲಕ್ಕೇ ಕೊಳ್ಳೇಗಾಲದ ಕಡೆಯಿಂದ ಬಂದು ಈ ತಮಿಳು ಊರಿನಲ್ಲೇ ಬೇರುಬಿಟ್ಟ ಮನೆತನ. ನನ್ನ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳು. "ನಿಮ್ಮ ಕನ್ನಡಕ್ಕೆ ಸಾಂಬಾರ್ ಜಾಸ್ತಿ ಬಿದ್ದಿದೆ ಕಣ್ರೀ," ಎಂದು ಮೊದಲ ದಿನವೇ ನಕ್ಕಿದ್ದರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರು ನಗುವಾಗ ಎದುರಿಗಿದ್ದವರನ್ನೂ ಪಾಲಿಗೆ ಸೇರಿಸಿಕೊಂಡೇ ನಗುತ್ತಿದ್ದರು.

ಹೊಸ ಶತಮಾನಕ್ಕೆ ಇನ್ನೂ ಎರಡು ವರ್ಷವಿತ್ತು. ಒಂದು ಮಧ್ಯಾಹ್ನ ಅವರು ಆಫೀಸಿನಿಂದ ನೇರವಾಗಿ ನನ್ನ ಟೀವಿ ರಿಪೇರಿ ಅಂಗಡಿಗೆ ಬಂದರು. ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲ. "ಅದೆಲ್ಲ ಆಮೇಲೆ ಬಿಚ್ಚುವಿರಂತೆ, ಬನ್ನಿ," ಎಂದು ಎಬ್ಬಿಸಿಕೊಂಡು ಹೋದರು. ಪ್ಯಾರೀಸ್ ಕಾರ್ನರ್‌ನ ಹಿಂದಿನ ಓಣಿಯೊಂದರಲ್ಲಿ ಗುಜರಿ ಗೋದಾಮು. ಒಳಗೆ ಆಳೆತ್ತರದ ಬಿಳಿ ಪೆಟ್ಟಿಗೆಗಳು, ಜಪಾನಿನ ವಿಡಿಯೋ ಗೇಮ್ ಮಷೀನುಗಳು. ಯಾರೋ ತರಿಸಿ, ಬಿಡಿಸಿಕೊಳ್ಳದೆ ಕೈಬಿಟ್ಟ ಸರಕು. ಗುಜರಿಯವನು ಪಿಕ್ಚರ್ ಟ್ಯೂಬು ಕಿತ್ತು ಮಾರಲೆಂದು ಕೊಂಡಿದ್ದ. ನಾವು ಹೋಗುವ ಹೊತ್ತಿಗೆ ನಾಲ್ಕು ಉಳಿದಿದ್ದವು.

ನಾನು ಒಂದರ ಹಿಂಬಾಗಿಲು ತೆಗೆದು ನೋಡಿದೆ. ಹತ್ತು ವರ್ಷದಿಂದ ಬಗೆಬಗೆಯ ಟೀವಿಗಳ ಹೊಟ್ಟೆ ನೋಡಿದವನು ನಾನು. ಹಾಗೆ ಕಟ್ಟಿದ ತಂತಿಗಳನ್ನು ಎಲ್ಲೂ ನೋಡಿರಲಿಲ್ಲ. ಒಂದೊಂದು ಎಳೆಗೂ ಒಂದೊಂದು ಪುಟ್ಟ ಚೀಟಿ, ಗಂಟು ಹಾಕಿದ ಕಡೆಯೆಲ್ಲ ಒಂದೇ ಅಳತೆಯ ಅಂತರ. ಯಾರೂ ನೋಡದ ಜಾಗವನ್ನು ಇಷ್ಟು ಅಂದವಾಗಿ ಮಾಡಿದವರು ಯಾರಪ್ಪ ಎಂದುಕೊಂಡೆ. ಅವರು ಮುಂದೆ ನಿಂತು ಜಾಯ್‌ಸ್ಟಿಕ್ಕಿನ ಕೆಂಪು ಗುಂಡನ್ನು ಅಂಗೈಯಲ್ಲಿ ಹಿಡಿದು ಅತ್ತಿತ್ತ ಆಡಿಸುತ್ತಿದ್ದರು. ಕರೆಂಟಿಲ್ಲದ ಮಷೀನು, ಕತ್ತಲ ಪರದೆ. ಆದರೂ ಆಡುತ್ತಿದ್ದರು. ನಾನು ಹಿಂದಿನಿಂದ, ಅವರು ಮುಂದಿನಿಂದ, ಇಬ್ಬರೂ ಒಂದೇ ಗಳಿಗೆಯಲ್ಲಿ ಅದರ ಮೋಹಕ್ಕೆ ಬಿದ್ದೆವು ಎಂದು ಈಗ ಅನ್ನಿಸುತ್ತದೆ.

ಜಪಾನಿನಲ್ಲಿ ಮನೆಗೆ ಬರುವ ಕರೆಂಟು ನೂರು ವೋಲ್ಟಿನದು. ನಮ್ಮ ಪ್ಲಗ್ಗಿಗೆ ನೇರವಾಗಿ ಚುಚ್ಚಿದ್ದರೆ ಬೂದಿಯಾಗುತ್ತಿತ್ತು. ಕರೆಂಟನ್ನು ತಗ್ಗಿಸಿ ಕೊಡುವ ಟ್ರಾನ್ಸ್‌ಫಾರ್ಮರನ್ನು ನಾನೇ ಕೂತು ಸುತ್ತಿದೆ, ಒಂದು ವಾರ ಹಿಡಿಯಿತು. ಮೊದಲ ಮಷೀನಿಗೆ ಜೀವ ಬಂದ ದಿನ ನಮ್ಮ ಮನೆಯ ಹಜಾರದಲ್ಲಿ ಎರಡೂ ಸಂಸಾರ ನಿಂತಿದ್ದೆವು. ಅದೊಂದು ವಿಮಾನದ ಆಟ. ಮೇಲಿನಿಂದ ವೈರಿ ವಿಮಾನಗಳು ಗುಂಡು ಸುರಿಸುತ್ತ ಬರುತ್ತವೆ, ಕೆಳಗಿನ ನಮ್ಮ ವಿಮಾನ ತಪ್ಪಿಸಿಕೊಂಡು ಹೊಡೆಯಬೇಕು. ಏಳು ಘಟ್ಟ. ಪರದೆಯ ಮೇಲಿನ ಅಕ್ಷರ ಒಂದೂ ಅರ್ಥವಾಗುತ್ತಿರಲಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ.

ಆ ಸಂಭ್ರಮದಲ್ಲಿಯೇ ಒಂದು ಎಡವಟ್ಟಾಯಿತು. ಒಳಗೆ ಹೇಗಿದೆ ತೋರಿಸುತ್ತೇನೆ ಬಾ ಎಂದು ತಮ್ಮ ಮಗಳನ್ನು ಕರೆದು ಸಾರ್ ಹಿಂಬಾಗಿಲಿನೊಳಗೆ ಕೈ ಚಾಚಿದರು. ಪಿಕ್ಚರ್ ಟ್ಯೂಬು ಆರಿಸಿದ ಮೇಲೂ ಒಳಗೆ ಕರೆಂಟು ಹಿಡಿದುಕೊಂಡೇ ಇರುತ್ತದೆ. ಏಟು ಹೊಡೆದ ರಭಸಕ್ಕೆ ಗೋಡೆಗೆ ಹೋಗಿ ಬಿದ್ದರು. ಅಕ್ಕ, ಅಂದರೆ ಅವರ ಹೆಂಡತಿ, ಮಗಳ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡರು: ಇನ್ನು ಮೇಲೆ ಹಿಂಬಾಗಿಲು ತೆಗೆಯಕೂಡದು. ಅವರು ಆ ಆಣೆಯನ್ನು ಕೊನೆತನಕ ಉಳಿಸಿಕೊಂಡರು. ಹಿಂಬಾಗಿಲ ಬೀಗದ ಕೈ ನನ್ನ ಜೇಬಿಗೆ ಬಂತು. ಮುಂದಿನದು ಅವರದು, ಹಿಂದಿನದು ನನ್ನದು ಎಂದು ಕೆಲಸ ಹಂಚಿಹೋಯಿತು.

ಅದೇ ಆಟದ ಉಳಿದ ಮೂರನ್ನೂ ತಂದೆವು. ಗಲ್ಲಿಯ ಬಾಯಿಯಲ್ಲೇ ಒಂದು ಶಟರ್ ಅಂಗಡಿ ಹಿಡಿದೆವು. ನಾನು ಟೀವಿ ರಿಪೇರಿ ಮುಚ್ಚಿದೆ. ಅವರಿಗಾದರೆ ಸಂಬಳದ ಕೆಲಸವಿತ್ತು, ನನಗೆ ಇದೇ ಅನ್ನ. ನನ್ನ ಹೆಂಡತಿ ಮುಖ ಊದಿಸಿಕೊಂಡಿದ್ದಳು. ಅಂಗಡಿ ತೆರೆದ ದಿನ ಪೂಜೆಗೆ ಬಂದ ಐಯರು ಗಂಧ ಕುಂಕುಮ ತೆಗೆದುಕೊಂಡು ಗುಂಡಿಗಳ ಕಡೆಗೇ ಕೈ ಚಾಚಿದರು. ಸಾರ್ ಅಡ್ಡ ನಿಂತು, "ಸ್ವಾಮಿ, ಪಕ್ಕಕ್ಕೆ ಹಚ್ಚಿ. ಅಲ್ಲಿ ಬೆರಳು ಜಾರುತ್ತೆ," ಎಂದರು. ಐಯರು ಕನ್ನಡ ತಿಳಿಯದೆ ನನ್ನ ಮುಖ ನೋಡಿದರು.

ಆಟ ಎಷ್ಟು ಕಷ್ಟವಾಗಿರಬೇಕು ಎಂದು ತೀರ್ಮಾನಿಸುವುದು ಅಂಗಡಿಯವನೇ. ಒಳಗಿನ ಬೋರ್ಡಿನ ಮೇಲೆ ಅಕ್ಕಿಕಾಳಿನಷ್ಟು ಚಿಕ್ಕ ಬಿಳಿ ಸ್ವಿಚ್ಚುಗಳ ಒಂದು ಸಾಲಿರುತ್ತದೆ. ಅವುಗಳಲ್ಲಿ ಎರಡನ್ನು ಮೇಲೆ ಕೆಳಗೆ ಮಾಡಿದರೆ ವೈರಿಗಳ ವೇಗ ಬದಲಾಗುತ್ತದೆ. ಬೇರೆ ಎರಡನ್ನು ಬದಲಿಸಿದರೆ ಆಡುವವನಿಗೆ ಎಷ್ಟು ಜೀವ ಎನ್ನುವುದು. ಈ ವ್ಯಾಪಾರ ಮಾಡುವವರೆಲ್ಲ ವೇಗ ಹೆಚ್ಚಿಸಿಟ್ಟುಕೊಳ್ಳುತ್ತಾರೆ. ಬಂದವನು ಬೇಗ ಸೋತರೆ ತಾನೇ ಇನ್ನೊಂದು ಟೋಕನ್ನು ಕೊಳ್ಳುವುದು. ಸಾರ್ ಒಪ್ಪಲಿಲ್ಲ. ವೇಗ ತೀರ ಕಡಿಮೆ, ಜೀವ ಐದು ಎಂದು ಇಡಿಸಿದರು. "ಏಳನೇ ಘಟ್ಟ ನೋಡದೆ ಯಾರೂ ಮನೆಗೆ ಹೋಗಬಾರದು ಕಣ್ರೀ. ಅಷ್ಟು ಚೆನ್ನಾಗಿ ಮಾಡಿದಾನೆ ಅವನು, ಜನ ನೋಡದೇ ಇದ್ರೆ ಹೇಗೆ?" ಎಂದರು. ಅವನು ಎಂದರೆ ಜಪಾನಿನಲ್ಲಿ ಆ ಆಟ ಮಾಡಿದ ಯಾರೋ. ಅವನ ಪರವಾಗಿ ಮಾಂಬಲಂನಲ್ಲಿ ಇವರು ವಕಾಲತ್ತು ವಹಿಸಿದ್ದರು. ನಾನೂ ಹೂಂ ಎಂದು ಹಾಗೆಯೇ ಇಟ್ಟೆ. ಆ ದಿನ ನನಗೂ ಅದು ಸರಿ ಎಂದೇ ತೋರಿತ್ತು, ಸುಳ್ಳು ಹೇಳುವುದಿಲ್ಲ.

ಭಾನುವಾರ ಬೆಳಗ್ಗೆ ಅಂಗಡಿಯ ಮೊದಲ ಆಟ ಅವರದು. ಶಟರನ್ನು ಅರ್ಧಕ್ಕೆ ಎತ್ತಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು. ಒಂದೇ ಟೋಕನ್ನು. ನಾನು ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತ ನೋಡುತ್ತಿದ್ದೆ. ಅವರು ಯಾವ ವೈರಿ ಯಾವಾಗ ಎಲ್ಲಿಂದ ಬರುತ್ತಾನೆ ಎಂಬುದನ್ನು ಮಗ್ಗಿಯ ಹಾಗೆ ಉರುಹೊಡೆದಿದ್ದರು. "ಎಡಕ್ಕೆ ಎರಡು, ನಡುವಿಗೆ ಒಂದು, ಹಿಂದಕ್ಕೆ ಬಾ, ನಿಲ್ಲು, ಈಗ ಹೊಡಿ..." ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತ ಆಡುತ್ತಿದ್ದರು. ಮುಕ್ಕಾಲು ಗಂಟೆಯಲ್ಲಿ ಏಳೂ ಘಟ್ಟ ದಾಟಿ, ಎರಡೂ ಕೈ ನೆಟಿಗೆ ಮುರಿದು, ಅಂಗಿಯ ತೋಳು ಇಳಿಸಿ ಹೊರಡುತ್ತಿದ್ದರು. ವಾರವೆಲ್ಲ ಬೇರೆಯವರ ಸರಕಿನ ಕಾಗದ ಹಿಡಿದು ಕಿಟಕಿಯಿಂದ ಕಿಟಕಿಗೆ ಓಡಾಡಿ ಬೈಸಿಕೊಳ್ಳುವ ಮನುಷ್ಯ. ಆ ಮುಕ್ಕಾಲು ಗಂಟೆ ಮಾತ್ರ ಅವರ ಕೈ ಹೇಳಿದ್ದನ್ನು ಜಗತ್ತು ಕೇಳುತ್ತಿತ್ತು.

ಮೊದಲ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಪಕ್ಕದಲ್ಲಿ ಬ್ರೌಸಿಂಗ್ ಸೆಂಟರ್ ಬಂತು, ಕಂಪ್ಯೂಟರಿನಲ್ಲೇ ಆಟಗಳು ಬಂದವು. ನಮ್ಮಲ್ಲಿಗೆ ಬರುತ್ತಿದ್ದವರೋ ಅಷ್ಟು ಹೊತ್ತಿಗೆ ಪಳಗಿಬಿಟ್ಟಿದ್ದರು. ಕಾಲೇಜಿನ ಹುಡುಗನೊಬ್ಬ ಒಂದು ಟೋಕನ್ನು ಹಾಕಿದರೆ ಮುಕ್ಕಾಲು ಗಂಟೆ ಮಷೀನು ಬಿಡುತ್ತಿರಲಿಲ್ಲ. ಹಿಂದೆ ಕಾದವರು ಕಾಲು ಬದಲಿಸಿ ನಿಂತು, ನಿಂತು, ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಬಾಡಿಗೆ ಕೊಡುವುದೇ ಕಷ್ಟವಾಯಿತು. ಸ್ವಲ್ಪ ವೇಗ ಹೆಚ್ಚಿಸೋಣ ಸಾರ್ ಎಂದು ಎರಡು ಸಲ ಕೇಳಿದೆ. "ಅದು ಜೇಬು ಕತ್ತರಿಸಿದ ಹಾಗೆ ಆಗುತ್ತಲ್ರೀ," ಎಂದರು. ಮೂರನೇ ಸಲ ಕೇಳಲಿಲ್ಲ.

ಒಂದು ಭಾನುವಾರ ಅವರು ಆಡಿ ಮನೆಗೆ ಹೋದ ಮೇಲೆ ನಾಲ್ಕೂ ಮಷೀನಿನ ಹಿಂಬಾಗಿಲು ತೆಗೆದು ವೇಗದ ಆ ಎರಡು ಸ್ವಿಚ್ಚು ಬದಲಿಸಿದೆ. ಜೀವದ ಸ್ವಿಚ್ಚು ಮುಟ್ಟಲಿಲ್ಲ. ಎಷ್ಟು ಜೀವ ಉಳಿದಿದೆ ಎನ್ನುವುದು ಪರದೆಯ ಮೂಲೆಯಲ್ಲಿ ಕಾಣುತ್ತದೆ, ವೇಗ ಎಲ್ಲೂ ಬರೆದಿರುವುದಿಲ್ಲ. ಇಷ್ಟು ಬುದ್ಧಿ ಓಡಿಸಿ ಮಾಡಿದ ಕೆಲಸವನ್ನು ತಪ್ಪಿ ಆಯಿತು ಎಂದು ನಾನು ಯಾವತ್ತೂ ಹೇಳಲಾರೆ. ಶನಿವಾರ ಅಂಗಡಿ ಮುಚ್ಚುವಾಗ ಅವರ ಸಲುವಾಗಿ ಮತ್ತೆ ನಿಧಾನಕ್ಕೆ ತರುತ್ತಿದ್ದೆ, ಭಾನುವಾರ ಅವರು ಹೋದ ಮೇಲೆ ವೇಗಕ್ಕೆ. ವಾರದ ದಿನ ಸಂಜೆ ಬಂದರೂ ಅವರು ಕೌಂಟರಿನಲ್ಲಿ ಕೂರುತ್ತಿದ್ದರು, ಅಲ್ಲಿಗೆ ಪರದೆ ಕಾಣುತ್ತಿರಲಿಲ್ಲ. ಜನ ಬೇಗ ಸೋತರು, ತಮ್ಮನ್ನೇ ಬೈದುಕೊಂಡರು, ಮತ್ತೆ ಟೋಕನ್ನು ಕೊಂಡರು. "ಜನಕ್ಕೆ ರುಚಿ ಹತ್ತಿದೆ ನೋಡಿ, ನಾನು ಹೇಳಲಿಲ್ವಾ?" ಎಂದು ಸಾರ್ ಹಿಗ್ಗಿದರು.

ನಾಲ್ಕು ವಾರ ಹೀಗೆ ಸಾಗಿತು. ಐದನೇ ಶನಿವಾರ ನಾದಿನಿಯ ಮದುವೆ ಮಾತುಕತೆಗೆಂದು ತಾಂಬರಂಗೆ ಹೋಗಬೇಕಿತ್ತು. ಅವಸರದಲ್ಲಿ ಶಟರ್ ಎಳೆದು ರೈಲು ಹಿಡಿದೆ. ಸ್ವಿಚ್ಚು ಮರೆತೇಹೋಯಿತು.

ಬೆಳಗ್ಗೆ ಅವರು ತೋಳು ಮಡಿಸಿ ನಿಂತು ಟೋಕನ್ನು ಹಾಕಿದಾಗಲೂ ನನಗೆ ನೆನಪಾಗಲಿಲ್ಲ. ಎರಡನೇ ಘಟ್ಟದಲ್ಲಿ ಅವರ ವಿಮಾನ ಸಿಡಿದಾಗ ನೆನಪಾಯಿತು. ಮಗ್ಗಿ ತಪ್ಪಿರಲಿಲ್ಲ. ಎಡಕ್ಕೆ ಎರಡು ಎಂದಾಗ ಎಡಕ್ಕೆ ಎರಡೇ ಬಂದವು. ಆದರೆ ಅವರು ಹೇಳಿ ಮುಗಿಸುವ ಮೊದಲೇ ಬಂದವು. ಮೂರನೇ ಘಟ್ಟದಲ್ಲಿ ಐದೂ ಜೀವ ಮುಗಿಯಿತು. ಇನ್ನೊಂದು ಟೋಕನ್ನು ಹಾಕಿದರು. ಅದೂ ಅಷ್ಟೇ. ಮೂರನೆಯದಕ್ಕೆ ಎರಡನೇ ಘಟ್ಟವನ್ನೇ ದಾಟಲಿಲ್ಲ.

ಸಾರ್ ಜಾಯ್‌ಸ್ಟಿಕ್ ಬಿಟ್ಟು ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದು ನೋಡಿಕೊಂಡರು. ತಿರುಗಿಸಿ ಹಿಂಗೈ ನೋಡಿದರು. ಆಮೇಲೆ ನನಗೆ, "ಒಳಗೇನಾದ್ರೂ ಹೆಚ್ಚುಕಮ್ಮಿ ಆಗಿದೆಯಾ ಸ್ವಲ್ಪ ನೋಡ್ತೀರಾ?" ಎಂದರು.

ಬೀಗ ತೆಗೆದೆ, ಬ್ಯಾಟರಿ ಹಿಡಿದು ತಲೆ ಒಳಗೆ ಹಾಕಿದೆ. ಸ್ವಿಚ್ಚುಗಳು ಕಣ್ಣಿಗೆ ರಾಚುವ ಹಾಗೆ ಕಂಡವು. ಉಗುರಿನಿಂದ ತಳ್ಳಿದರೆ ಸಾಕಿತ್ತು. ಆದರೆ ಅಲ್ಲಿ ತಳ್ಳಿ, ಮರುಕ್ಷಣ ಆಟ ಸಲೀಸಾಗಿಬಿಟ್ಟರೆ ಅವರಿಗೆ ತಿಳಿದುಹೋಗುತ್ತಿತ್ತು. ಅವರೇನು ಪೆದ್ದರಲ್ಲ. ಅಂಗಡಿ ಹೋದೀತು ಎಂಬ ಭಯವಿರಲಿಲ್ಲ, ಅವರ ಮುಖ ನೋಡಬೇಕಲ್ಲ ಎಂಬುದೇ ಭಯ. ಒಳಗೆ ಎಷ್ಟು ಹೊತ್ತು ಇದ್ದೆನೋ... ತಲೆ ಹೊರಗೆ ತೆಗೆದು, "ಎಲ್ಲಾ ಸರಿಯಾಗೇ ಇದೆ ಸಾರ್," ಎಂದೆ.

"ಹಾಗಾದ್ರೆ ನಂದೇ," ಎಂದರು ಅವರು. ತೋಳು ಇಳಿಸಲೂ ಮರೆತು ಮನೆಗೆ ಹೋದರು.

ಅವತ್ತೇ ಮಧ್ಯಾಹ್ನ ಸ್ವಿಚ್ಚುಗಳನ್ನು ಹಳೆಯ ಜಾಗಕ್ಕೆ ತಂದೆ. ಇನ್ನು ಯಾವತ್ತೂ ಮುಟ್ಟುವುದಿಲ್ಲ ಎಂದುಕೊಂಡೆ, ಮುಟ್ಟಲೂ ಇಲ್ಲ. ಬರುವ ಭಾನುವಾರ ಆಡುತ್ತಾರೆ, ಗೆಲ್ಲುತ್ತಾರೆ, ಒಂದು ದಿನದ ಮಂಕು ಎಂದು ಮರೆಯುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಸಕ್ಕರೆ ಕಾಯಿಲೆ ಇರಬಹುದು ಎಂದು ರಕ್ತ ಪರೀಕ್ಷೆ ಮಾಡಿಸಿದರಂತೆ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಕನ್ನಡಕ ಬದಲಿಸಿದರಂತೆ. ತಿಂಗಳು ಕಳೆದ ಮೇಲೆ ನಾನೇ ಹೋಗಿ ಕೈಹಿಡಿದು ಕರೆತಂದೆ. ಹೊಸ ಕನ್ನಡಕ ಹಾಕಿಕೊಂಡು ನಿಂತರು. ಆಟ ನಿಧಾನದಲ್ಲೇ ಇತ್ತು, ನಾನು ಎರಡು ಸಲ ನೋಡಿ ಖಾತರಿ ಮಾಡಿಕೊಂಡಿದ್ದೆ. ಟೋಕನ್ನು ಹಾಕಿದರು. ಮಗ್ಗಿ ಶುರುವಾಗಲೇ ಇಲ್ಲ. ಅವರು ಪರದೆಯನ್ನು ನೋಡುತ್ತಿರಲಿಲ್ಲ, ತಮ್ಮ ಕೈಯನ್ನು ನೋಡುತ್ತಿದ್ದರು. ನಾಲ್ಕನೇ ಘಟ್ಟದಲ್ಲಿ ಸೋತರು.

ಅಂದೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ ಕೂಡ. ಅವರು ಬೆನ್ನು ತಟ್ಟಿ, "ಬಿಡಿ, ವಯಸ್ಸಾಯ್ತು. ನೀವು ಆಡಿ, ನಾನು ನೋಡ್ತೀನಿ," ಎಂದರು. ಆ ಸಮಾಧಾನದ ಮಾತನ್ನು ಹಿಡಿದುಕೊಂಡು ನಾನು ಬಚಾವಾದೆ. ಅವರಿಗಿನ್ನೂ ಐವತ್ತೂ ಆಗಿರಲಿಲ್ಲ.

ಅವರು ಮತ್ತೆ ಆಡಲಿಲ್ಲ. ಅಂಗಡಿಯನ್ನು ಇನ್ನೆರಡು ವರ್ಷ ಎಳೆದೆವು. ಎಳೆದವನು ನಾನು, ಅವರು ಬಂದು ಕೂತು ಹೋಗುತ್ತಿದ್ದರು, ಅಷ್ಟೇ. ಕೊನೆಗೆ ನಾಲ್ಕೂ ಮಷೀನು ಬಂದ ದಾರಿಯಲ್ಲೇ ಪ್ಯಾರೀಸ್ ಕಾರ್ನರ್‌ಗೆ ವಾಪಸ್ ಹೋದವು, ಟ್ಯೂಬಿನ ಬೆಲೆಗೆ. ಲಾರಿ ಹತ್ತಿಸುವ ದಿನ ಅವರು ಆಫೀಸಿಗೆ ರಜೆ ಹಾಕಲಿಲ್ಲ. ಮಗಳು ಕೆಲಸಕ್ಕೆ ಸೇರಿದ ಮೇಲೆ ವೇಲಚೇರಿಯಲ್ಲಿ ಫ್ಲಾಟ್ ಕೊಂಡು ಹೋದರು. ಮೊದಮೊದಲು ಹಬ್ಬಕ್ಕೆ ಫೋನು, ಆಮೇಲೆ ಅದೂ ಇಲ್ಲ. ಊರು ದೊಡ್ಡದು, ನೆಪಗಳು ಅದಕ್ಕಿಂತ ದೊಡ್ಡವು. ಅವರು ತೀರಿಕೊಂಡರು ಎಂದು ಒಂಬತ್ತು ತಿಂಗಳ ಹಿಂದೆ ಹಳೆಯ ಗಲ್ಲಿಯ ಹೂವಿನ ಅಂಗಡಿಯವಳು ಹೇಳಿದಳು. ಹೋಗಬೇಕು, ಹೋಗಬೇಕು ಎನ್ನುತ್ತಲೇ ಎಂಟು ತಿಂಗಳಾಯಿತು.

ಆ ಡಬ್ಬಾ ಟೀವಿ ಬಂದ ವಾರವೇ ಹೋದೆ. ಬಾಗಿಲು ತೆರೆದ ಮಗಳು ಗುರುತು ಹಿಡಿದು, "ವಾಂಗ ಅಂಕಲ್, ಉಕ್ಕಾರುಂಗ," ಎಂದು ಒಳಗೆ ಕರೆದು ಕೂರಿಸಿದಳು. ಕನ್ನಡ ಅರ್ಥವಾಗುತ್ತದೆ ಅವಳಿಗೆ, ಬಾಯಿಗೆ ಬರುವುದು ತಮಿಳೇ. ಕಾಫಿ ಕೊಟ್ಟು ಆಫೀಸಿನ ಫೋನು ಬಂತೆಂದು ಒಳಗೆ ಹೋದಳು. ಅಕ್ಕ ತುಂಬ ಇಳಿದುಹೋಗಿದ್ದರು. ಆಸ್ಪತ್ರೆಯ ವಿಷಯ ಹೇಳಿದರು, ಹೃದಯದ ತೊಂದರೆ, ಎರಡೇ ದಿನ. ಆಮೇಲೆ ಕೇಳದೆಯೇ ಹೇಳತೊಡಗಿದರು.

"ಕಡೇ ತನ್ಕ ಆ ಕೈದೇ ಯೋಚನೆ ತಂಬಿ ಅವರಿಗೆ. ಕೈ ಮಾತು ಕೇಳಲ್ಲ, ಕೈ ಮಾತು ಕೇಳಲ್ಲ ಅಂತ. ಮಾಂಬಲಂ ಬಿಡೋಕ್ ಮುಂಚೇನೇ ಸ್ಕೂಟರ್ ಮಾರಿಬಿಟ್ರು. ಎಷ್ಟು ಡಾಕ್ಟ್ರು ನೋಡಿ ಏನೂ ಇಲ್ಲ ಅಂದ್ರೂ ನಂಬಲಿಲ್ಲ. ಮೊಮ್ಮಗ ಹುಟ್ಟಿದ್ನಲ್ಲ, ಒಂದ್ ಸಲನೂ ನಿಂತ್ಕೊಂಡು ಎತ್ಕೊಳ್ಳಿಲ್ಲ. ಬೀಳಿಸಿಬಿಟ್ರೆ ಅಂತ ಭಯ. ನೆಲದ ಮೇಲೆ ಕೂತು, ತೊಡೆ ಮೇಲೆ ದಿಂಬು ಇಟ್ಕೊಂಡು, ಅದರ ಮೇಲೆ ಮಲಗಿಸು ಅನ್ನೋರು. ಮಗು ಓಡಾಡೋ ಹಂಗಾದ್ಮೇಲೆ, ತಾತಾ ತೂಕ್ಕು ಅಂತ ಕೈ ಚಾಚ್ಕೊಂಡು ಬರೋದು, ಎತ್ಕೋ ಅಂತ. ಇವರು ಎದ್ದು ಒಳಗೆ ಹೋಗೋರು."

ನನ್ನ ಕಾಫಿ ಆರಿಹೋಗಿತ್ತು. ಇನ್ನೂ ಸುಮ್ಮನಿರಬಹುದಿತ್ತು, ಅಭ್ಯಾಸವಂತೂ ಇತ್ತು. ಆದರೆ ಆ ಮನೆಯಲ್ಲಿ ಕೂತಿರಲು ಆಗಲಿಲ್ಲ, ಎದ್ದು ಬರಲೂ ಆಗಲಿಲ್ಲ. ಹೇಳಿದೆ. ಸ್ವಿಚ್ಚು, ವೇಗ, ತಾಂಬರಂನ ಶನಿವಾರ, ಒಳಗೆ ತಲೆ ಹಾಕಿ ಹೇಳಿದ ಸುಳ್ಳು, ಎಲ್ಲ. ತಮಿಳೋ ಕನ್ನಡವೋ, ಬಾಯಿಗೆ ಬಂದದ್ದರಲ್ಲಿ ಹೇಳಿದೆ. ಅಕ್ಕನಿಗೆ ಮಷೀನಿನ ಸಂಗತಿ ಪೂರ್ತಿ ತಿಳಿಯಲಿಲ್ಲ, ಇನ್ನೊಂದು ಸಲ ಹೇಳಿಸಿಕೊಂಡರು.

"ಹಂಗಾದ್ರೆ ಅವರ ಕೈಗೆ ಏನೂ ಆಗಿರ್ಲಿಲ್ವಾ?" ಎಂದು ಕೇಳಿದರು.

"ಏನೂ ಆಗಿರ್ಲಿಲ್ಲ ಅಕ್ಕ."

ಬೈದಾರು, ಅತ್ತಾರು ಎಂದು ಕಾದೆ. ಅವರು ಎರಡನ್ನೂ ಮಾಡಲಿಲ್ಲ. ತಮ್ಮ ಸೆರಗಿನ ಅಂಚನ್ನು ಸರಿಮಾಡಿಕೊಂಡರು.

"ಹಂಗಾದ್ರೆ ಮಗೂನ ಎತ್ಕೋಬಹುದಿತ್ತು," ಎಂದರು.

ನಾನು ಹೌದು ಎಂದೆ.